ಮಂಗಳೂರು, ಉಡುಪಿ ಕಡೆ ವೀಕೆಂಡ್ ಟ್ರಿಪ್‌ಗೆ ಚೈನ್ ಹೋಟೆಲ್ ಆರಿಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಗ್ಗೆ ಆಫೀಸ್ ಹೊತ್ತಿಗೆ ವಾಪಸ್ ಬರ್ಬೇಕು, ಮಧ್ಯೆ ಎರಡು ದಿನ ಸಮುದ್ರ ನೋಡ್ಬೇಕು, ಮೀನು ತಿನ್ಬೇಕು, ಕೃಷ್ಣ ಮಠಕ್ಕೂ ಹೋಗ್ಬೇಕು, ರೂಮ್ ಕ್ಲೀನಾಗಿರ್ಬೇಕು. ನಮ್ಮೂರು ಮಂಗಳೂರು ಅಂತ ಗೊತ್ತಾದ ತಕ್ಷಣ ಪರಿಚಯದೋರೆಲ್ಲ ಕೇಳೋದು ಇದನ್ನೇ, ಅದಕ್ಕೇ ಉತ್ತರ ಎಲ್ಲ ಒಂದ್ಕಡೆ ಬರೆದಿಟ್ಟಿದೀನಿ. ರೇಟ್ ದಿನಾ ಬದಲಾಗತ್ತೆ, ಹಾಗಾಗಿ ಯಾವ ಹೋಟೆಲ್‌ನ ರೇಟೂ ಇಲ್ಲಿ ಹಾಕಿಲ್ಲ, ರೇಟ್ ನೋಡೋದು ಹೇಗೆ ಅನ್ನೋದನ್ನ ಮಾತ್ರ ಹೇಳಿದೀನಿ.

ಪ್ರ: ಬೀಚ್‌ಗೆ ಹೋಗೋದು ಅಂದ್ಮೇಲೆ ಚೈನ್ ಹೋಟೆಲ್ ಯಾಕೆ? ರೆಸಾರ್ಟೋ ಹೋಮ್‌ಸ್ಟೇನೋ ಮಾಡ್ಬಾರ್ದಾ?

ಧಾರಾಳವಾಗಿ ಮಾಡಿ. ಎರಡೂ ದಿನ ಒಂದೇ ಕಡೆ ಇದ್ದು ಅಲೆ ಶಬ್ದ ಕೇಳ್ತಾ ಆರಾಮಾಗಿರ್ಬೇಕು ಅನ್ನೋದೇ ಪ್ಲಾನ್ ಆದ್ರೆ ಚೈನ್ ಹೋಟೆಲ್ (ಒಂದೇ ಬ್ರ್ಯಾಂಡ್ ಹೆಸರಲ್ಲಿ ಹಲವು ಊರಲ್ಲಿರೋ ಹೋಟೆಲ್) ಬೇಡ್ವೇ ಬೇಡ, ಕಾಪು, ಪಡುಬಿದ್ರಿ, ಸಸಿಹಿತ್ಲು, ಮರವಂತೆ ಕಡೆ ದಡದ ಹತ್ರಾನೇ ಹೋಮ್‌ಸ್ಟೇ, ಸಣ್ಣ ರೆಸಾರ್ಟ್ ಸಿಗ್ತವೆ. ಚೈನ್ ಹೋಟೆಲ್ ಉಪಯೋಗಕ್ಕೆ ಬರೋದು ದಿನವಿಡೀ ಹೊರಗೆ ತಿರುಗಿ ರಾತ್ರಿ ಬಂದು ಮಲಗೋರಿಗೆ, ವಯಸ್ಸಾದೋರನ್ನ ಕರ್ಕೊಂಡು ಹೋಗೋರಿಗೆ, ಮತ್ತೆ ಏಪ್ರಿಲ್ ಮೇ ಸೆಕೆಯಲ್ಲಿ ಹೋಗೋರಿಗೆ. ನಮ್ಮ ಕಡೆ ಸೆಕೆ ಬೆಂಗಳೂರಿನೋರಿಗೆ ಅಂದಾಜಿಗೆ ಸಿಗಲ್ಲ ಮಾರಾಯ್ರೆ, ರಾತ್ರಿ ಕರೆಂಟ್ ಹೋಗಿ ಎಸಿ ನಿಂತ್ರೆ ಮಕ್ಕಳು ಬೆಳಗಿನ ತನಕ ನಿದ್ದೆ ಮಾಡಲ್ಲ. ನೀರಿನ ವಿಷಯನೂ ಇದೆ, ಮಂಗಳೂರಿಗೆ ನೀರು ಬರೋದು ನೇತ್ರಾವತಿಯ ತುಂಬೆ ಡ್ಯಾಮಿಂದ, 2019ರ ಬೇಸಿಗೆಯಲ್ಲಿ ಅಲ್ಲಿ ನೀರು ಇಳಿದು ಊರಿಗೆಲ್ಲ ರೇಷನಿಂಗ್ ಮಾಡಿದ್ರು. ಜನರೇಟರ್, ನೀರು, ಲಿಫ್ಟ್, ರಾತ್ರಿ ಎರಡು ಗಂಟೆಗೂ ರಿಸೆಪ್ಷನ್‌ನಲ್ಲಿ ಒಬ್ರು ಮನುಷ್ಯ ಇರೋದು, ಚೈನ್‌ಗೆ ಕೊಡೋ ದುಡ್ಡು ಇದಕ್ಕೆ. ಸಮುದ್ರ ಆ ದುಡ್ಡಲ್ಲಿ ಬರಲ್ಲ, ಅದನ್ನ ನೀವೇ ಮ್ಯಾಪ್ ನೋಡಿ ಹುಡುಕ್ಕೋಬೇಕು. ಇಡೀ ವಿಷಯದಲ್ಲಿ ನಾನು ಒತ್ತಿ ಹೇಳೋದು ಇದೊಂದೇ.

ಪ್ರ: ಇಷ್ಟುದ್ದ ಕರಾವಳಿ ಇದ್ರೂ ದಡದಲ್ಲೇ ದೊಡ್ಡ ಬ್ರ್ಯಾಂಡ್ ಹೋಟೆಲ್ ಯಾಕೆ ಅಷ್ಟು ಕಮ್ಮಿ?

ಎರಡು ಕಾರಣ. ಮೊದಲ್ನೇದು ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ರೂಲ್ಸ್. 1991ರಲ್ಲಿ ಮೊದಲು ಬಂತು, 2011ರಲ್ಲಿ ಒಂದ್ಸಲ, 2019ರಲ್ಲಿ ಇನ್ನೊಂದ್ಸಲ ಬದಲಾಯ್ತು. ಉಬ್ಬರದ ನೀರು ಎಲ್ಲಿವರೆಗೆ ಬರತ್ತೋ ಆ ಗೆರೆಯಿಂದ ಅಳೀತಾರೆ, ಹಳ್ಳಿ ಕಡೆಯ ದಡಗಳಲ್ಲಿ ಅಲ್ಲಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ ಅನ್ನೋದು ಹಳೇ ನಿಯಮ. 2019ರಲ್ಲಿ ಜನ ಒತ್ತೊತ್ತಾಗಿರೋ ಹಳ್ಳಿಗಳಿಗೆ, ಅಂದ್ರೆ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರ್‌ಗೆ 2,161ಕ್ಕಿಂತ ಹೆಚ್ಚು ಜನ ಇರೋ ಕಡೆಗೆ, ಅದನ್ನ 50 ಮೀಟರ್‌ಗೆ ಇಳಿಸಿದ್ರು, ಬೇರೆ ಹಳ್ಳಿಗಳಿಗೆ 200 ಹಾಗೇ ಇದೆ. ಹತ್ತು ಮಾಳಿಗೆ ಎಬ್ಬಿಸೋ ಕಂಪನಿ ಇಂಥ ಜಾಗಕ್ಕೆ ಸುಲಭವಾಗಿ ಬರಲ್ಲ. ದಡ ಉಳೀಬೇಕು ಅಂದ್ರೆ ಈ ನಿಯಮ ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ, ಉಳ್ಳಾಲ, ಸೋಮೇಶ್ವರದಲ್ಲಿ ಕಡಲ್ಕೊರೆತಕ್ಕೆ ಮನೆಗಳೇ ಹೋಗಿರೋದನ್ನ ನೋಡಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಎರಡ್ನೇ ಕಾರಣ ವ್ಯಾಪಾರದ್ದು. ಮಂಗಳೂರಿನ ಚೈನ್ ಹೋಟೆಲ್‌ಗಳು ಟೂರಿಸ್ಟ್‌ನ ನಂಬ್ಕೊಂಡು ಬಂದಿದ್ದಲ್ಲ, ಪಣಂಬೂರಿನ ಬಂದರು, ಎಂಆರ್‌ಪಿಎಲ್ ತೈಲ ಸಂಸ್ಕರಣಾ ಘಟಕ, ಮೆಡಿಕಲ್ ಕಾಲೇಜು, ಮದುವೆ ಹಾಲ್ ಇವನ್ನ ನಂಬ್ಕೊಂಡು ಬಂದಿದ್ದು. ಅವೆಲ್ಲ ಊರೊಳಗೆ, ಇಲ್ಲ ಹೈವೇ ಪಕ್ಕ ಇರೋದು ಇದಕ್ಕೇ.

ಪ್ರ: ಹಾಗಾದ್ರೆ ಯಾವ ಏರಿಯಾದಲ್ಲಿ ಉಳ್ಕೊಳ್ಳೋದು?

ಮೊದ್ಲು ಎರಡು ದಿನದಲ್ಲಿ ಎಲ್ಲೆಲ್ಲಿ ಹೋಗ್ತೀರಿ ಅಂತ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಪಣಂಬೂರು, ತಣ್ಣೀರುಬಾವಿ, ಸುರತ್ಕಲ್ ಲೈಟ್‌ಹೌಸ್, ಸಸಿಹಿತ್ಲು ಇವೇ ಲಿಸ್ಟ್‌ನಲ್ಲಿದ್ರೆ ಮಂಗಳೂರಿನ ಉತ್ತರದ ಕಡೆ, ಅಂದ್ರೆ ಕೊಟ್ಟಾರ ಚೌಕಿ, ಕೂಳೂರು ಕಡೆ ರೂಮ್ ಮಾಡಿ, ಹೈವೇ 66 ಕೈಗೆ ಸಿಗತ್ತೆ, ಊರೊಳಗಿನ ಟ್ರಾಫಿಕ್ ತಪ್ಪತ್ತೆ. ಸೋಮೇಶ್ವರ, ಉಳ್ಳಾಲ ಅಂದ್ರೆ ದಕ್ಷಿಣಕ್ಕೆ, ನೇತ್ರಾವತಿ ಸೇತುವೆ ದಾಟ್ಬೇಕು, ಸಂಜೆ ಹೊತ್ತು ಪಂಪ್‌ವೆಲ್ ಹತ್ರ ಗಾಡಿ ನಿಂತೇ ಇರತ್ತೆ. ತಿನ್ನೋದಕ್ಕೇ ಅಂತ ಬರೋರು (ಅಂಥೋರು ತುಂಬಾ ಜನ ಇದಾರೆ, ನನಗೆ ಅವ್ರನ್ನ ಕಂಡ್ರೆ ಖುಷಿ) ಹಂಪನಕಟ್ಟೆ, ಕೊಡಿಯಾಲ್‌ಬೈಲ್ ಸುತ್ತಮುತ್ತ ಇದ್ರೆ ಗಿರಿ ಮಂಜಾಸ್‌ನ ಮೀನೂಟನೂ ಐಡಿಯಲ್‌ನ ಗಡ್‌ಬಡ್ ಐಸ್‌ಕ್ರೀಮೂ ಆಟೋದಲ್ಲಿ ಮುಗಿಯತ್ತೆ.

ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕೃಷ್ಣ ಮಠ, ಕಾಪು ಲೈಟ್‌ಹೌಸ್ ಇವು ಬೇಕು ಅಂತಾದ್ರೆ ದಯವಿಟ್ಟು ಮಂಗಳೂರಲ್ಲಿ ರೂಮ್ ಮಾಡ್ಬೇಡಿ. ಮಂಗಳೂರಿಂದ ಉಡುಪಿಗೆ ಹೆಚ್ಚುಕಮ್ಮಿ 55-60 ಕಿಲೋಮೀಟರ್, ಹೋಗಿ ಬರೋದ್ರಲ್ಲೇ ಮೂರು ಗಂಟೆ ಹತ್ರ ಹೋಗತ್ತೆ, ಇರೋದೇ ಎರಡು ದಿನ. ಉಡುಪಿ ಇಲ್ಲ ಮಣಿಪಾಲದಲ್ಲಿ ಉಳ್ಕೊಳ್ಳಿ, ಉಡುಪಿಯಿಂದ ಮಲ್ಪೆ ಬರೀ 6 ಕಿಲೋಮೀಟರ್, ಮಣಿಪಾಲದಿಂದ ಅದಕ್ಕೆ ಇನ್ನೊಂದು ನಾಲ್ಕೈದು ಸೇರಿಸ್ಕೊಳ್ಳಿ. ಕಾಪು ಲೈಟ್‌ಹೌಸ್ 1901ರದ್ದು, ಸೂರ್ಯ ಮುಳುಗೋ ಹೊತ್ತಿಗೆ ಅಲ್ಲಿ ಇರ್ಬೇಕು, ಅಷ್ಟು ಹೊತ್ತಿಗೆ ಹೈವೇ ಟ್ರಾಫಿಕ್‌ನಲ್ಲಿ ಸಿಕ್ಕಾಕೊಂಡಿದ್ರೆ ಹೊಟ್ಟೆ ಉರಿಯತ್ತೆ.

ಒಂದೇ ವೀಕೆಂಡ್‌ನಲ್ಲಿ ಮಂಗಳೂರಿಂದ ಗೋಕರ್ಣದ ತನಕ ಎಲ್ಲ ಮುಗಿಸೋ ಪ್ಲಾನ್ ಹಾಕೋರೂ ಇದಾರೆ. ಸುಮಾರು 230 ಕಿಲೋಮೀಟರ್ ಅದು. ಬೇಡ. ಗೋಕರ್ಣಕ್ಕೆ ಬೇರೆ ವೀಕೆಂಡ್ ಇಡಿ.

ಪ್ರ: ಯಾವ ಯಾವ ಚೈನ್ ಇದಾವೆ ಹೇಳಿ.

ಟಾಟಾದವರ ತಾಜ್ ಗುಂಪಿಂದ ಮಂಗಳೂರಲ್ಲಿ ಎರಡು. ಓಲ್ಡ್ ಪೋರ್ಟ್ ರೋಡ್‌ನಲ್ಲಿ ವಿವಾಂತ, ಕೊಟ್ಟಾರ ಚೌಕಿಯಲ್ಲಿ ಜಿಂಜರ್. ವಿವಾಂತ ಇರೋ ಜಾಗ ಮೊದ್ಲು ತಾಜ್ ಮಂಜರುನ್, ಆಮೇಲೆ ಗೇಟ್‌ವೇ, ಈಗ ವಿವಾಂತ, ಊರಿನ ಹಳಬರು ಇವತ್ತಿಗೂ ಮಂಜರುನ್ ಅಂತಾನೇ ಹೇಳೋದು. ಜಿಂಜರ್ ಸಿಂಪಲ್ಲು, ರೂಮ್ ಸಣ್ಣದು ಆದ್ರೆ ಅಚ್ಚುಕಟ್ಟು. ಮಣಿಪಾಲದಲ್ಲಿ ಐಟಿಸಿಯವರ ಫಾರ್ಚೂನ್ ಇನ್ ವ್ಯಾಲಿ ವ್ಯೂ ಇದೆ.

ನಮ್ಮವರೇ ಕಟ್ಟಿದ ಚೈನ್‌ಗಳನ್ನ ಜನ ಮರೀತಾರೆ, ಅದು ನನಗೆ ಬೇಜಾರು. ಓಷನ್ ಪರ್ಲ್ ಇದೆ, ದೆಹಲಿಯಲ್ಲಿ ಸಾಗರ್ ರತ್ನ ಕಟ್ಟಿದ ಕಾರ್ಕಳ ಕಡೆಯ ಜಯರಾಮ ಬನಾನ್ ಅವರದ್ದು, ಮಂಗಳೂರು, ಉಡುಪಿ, ಉಜಿರೆ, ಹುಬ್ಬಳ್ಳಿ ನಾಲ್ಕೂ ಕಡೆ ಇದೆ. ಗೋಲ್ಡ್‌ಫಿಂಚ್ ಇದೆ, ಬಂಟ್ಸ್ ಹಾಸ್ಟೆಲ್ ರೋಡ್‌ನಲ್ಲಿ, ಬೆಂಗಳೂರಲ್ಲೂ ಇದೆ. ಇಲ್ಲಿ ಅಡುಗೆಮನೆಯಲ್ಲಿ ಊರಿನ ಕೈ ಇರತ್ತೆ, ನೀರ್ ದೋಸೆ, ಕೋರಿ ರೊಟ್ಟಿ ಕೇಳಿದ್ರೆ ಮುಖ ಮುಖ ನೋಡಲ್ಲ. ಇನ್ನೂ ಉತ್ತರಕ್ಕೆ ಹೋದ್ರೆ ಮುರುಡೇಶ್ವರದಲ್ಲಿ ಆರ್‌ಎನ್‌ಎಸ್ ರೆಸಿಡೆನ್ಸಿ, 123 ಅಡಿಯ ಶಿವನ ಪಕ್ಕಕ್ಕೇ, ಸಮುದ್ರಕ್ಕೆ ಅಂಟ್ಕೊಂಡು. ಗೋಕರ್ಣದಲ್ಲಿ ಬಜೆಟ್ ಹುಡುಗ್ರಿಗೆ ಝಾಸ್ಟೆಲ್ ಅನ್ನೋ ಹಾಸ್ಟೆಲ್ ಚೈನ್, ದುಡ್ಡು ಬಿಡೋಕೆ ರೆಡಿ ಇರೋರಿಗೆ ಓಂ ಬೀಚ್ ಮೇಲೆ ಸಿಜಿಎಚ್ ಅರ್ಥ್‌ನವರ ಸ್ವಸ್ವರ.

ಪ್ರ: ಬಸ್ಸು ಬೆಳಗ್ಗೆ 6ಕ್ಕೆ ಇಳಿಸತ್ತೆ, ಹೋಟೆಲ್‌ನೋರು ಚೆಕ್‌ಇನ್ 2 ಗಂಟೆಗೆ ಅಂತಾರೆ. ಏನ್ಮಾಡ್ಲಿ?

ವೀಕೆಂಡ್ ಟ್ರಿಪ್ ಹಾಳಾಗೋದು ಹೆಚ್ಚಾಗಿ ಇಲ್ಲೇ, ಆದ್ರೆ ಬುಕ್ ಮಾಡುವಾಗ ಯಾರೂ ಇದನ್ನ ನೋಡಲ್ಲ. ಊರಿನ ಸಾಮಾನ್ಯ ಲಾಡ್ಜ್‌ಗಳಲ್ಲಿ 24 ಗಂಟೆ ಲೆಕ್ಕ ಇರತ್ತೆ, ಬೆಳಗ್ಗೆ 6ಕ್ಕೆ ಹೋದ್ರೆ ಮರುದಿನ ಬೆಳಗ್ಗೆ 6ರ ತನಕ ರೂಮ್ ನಿಮ್ದು. ಚೈನ್‌ಗಳಲ್ಲಿ ಹಾಗಲ್ಲ, ಮಧ್ಯಾಹ್ನ 2ಕ್ಕೆ ಒಳಗೆ, ಮರುದಿನ 11 ಇಲ್ಲ 12ಕ್ಕೆ ಹೊರಗೆ. ರಾತ್ರಿ ಬಸ್‌ನಲ್ಲಿ ಬಂದೋರು, ಬೆಂಗಳೂರು ಕಾರವಾರ ಪಂಚಗಂಗಾ ಟ್ರೈನ್‌ನಲ್ಲಿ ಇನ್ನೂ ಕತ್ತಲಿರುವಾಗ್ಲೇ ಉಡುಪಿಯಲ್ಲಿ ಇಳಿದೋರು, ಮಕ್ಕಳು ಬ್ಯಾಗು ಸಮೇತ ಲಾಬಿ ಸೋಫಾದಲ್ಲಿ ಕೂತಿರೋದನ್ನ ಎಷ್ಟೋ ಸಲ ನೋಡಿದೀನಿ.

ಒಂದು, ಬುಕ್ ಮಾಡೋಕ್ ಮುಂಚೆ ಫೋನ್ ಮಾಡಿ ಅರ್ಲಿ ಚೆಕ್‌ಇನ್‌ಗೆ ಎಷ್ಟು ತಗೋತೀರಿ ಅಂತ ಕೇಳಿ, ಅರ್ಧ ದಿನದ ರೇಟ್ ಹೇಳೋರಿದಾರೆ, ಹಿಂದಿನ ರಾತ್ರಿ ರೂಮ್ ಖಾಲಿ ಇದ್ರೆ ಫ್ರೀಯಾಗೇ ಕೊಡೋರಿದಾರೆ, ಆದ್ರೆ ಶನಿವಾರ ಬೆಳಗ್ಗೆ ಫ್ರೀ ಸಿಗೋದು ಕಷ್ಟ. ಒಪ್ಪಿದ್ರೆ ಮೆಸೇಜಲ್ಲೋ ಮೇಲಲ್ಲೋ ಬರೆಸ್ಕೊಳ್ಳಿ, ಫೋನಲ್ಲಿ ಮಾತಾಡಿದೋರು ಬೆಳಗ್ಗೆ ಡ್ಯೂಟಿಯಲ್ಲಿ ಇರಲ್ಲ. ಎರಡು, ಮೂರ್ನಾಲ್ಕು ಜನ ಇದ್ರೆ ಬಸ್ ನಿಲ್ದಾಣದ ಹತ್ರ ಸಾದಾ ಲಾಡ್ಜ್‌ನಲ್ಲಿ ನಾಲ್ಕು ಗಂಟೆಗೆ ಒಂದು ರೂಮ್ ತಗೊಂಡು ಸ್ನಾನ ಮಾಡಿ ಹೊರಡಿ, ಲೆಕ್ಕ ಹಾಕಿದ್ರೆ ಇದೇ ಕಮ್ಮಿ ಬೀಳತ್ತೆ. ಮೂರು, ಬ್ಯಾಗ್ ಮಾತ್ರ ಹೋಟೆಲ್‌ನಲ್ಲಿಟ್ಟು ಅಲ್ಲೇ ವಾಶ್‌ರೂಮ್‌ನಲ್ಲಿ ಮುಖ ತೊಳ್ಕೊಂಡು, ಬನ್ಸ್, ಗೋಳಿಬಜೆ ತಿಂದು ಸೀದಾ ಬೀಚಿಗೆ ಹೋಗಿ ಮಧ್ಯಾಹ್ನ ಬನ್ನಿ. ಬ್ಯಾಗ್ ಇಡೋದಕ್ಕೆ ಯಾವ ಚೈನೂ ಇಲ್ಲ ಅನ್ನಲ್ಲ.

ಕಾರಲ್ಲಿ ಬರೋರಿಗೆ ಈ ತಲೆನೋವಿಲ್ಲ, ಬೆಳಗ್ಗೆ 5ಕ್ಕೆ ಬಿಟ್ರೆ ಹಾಸನ, ಸಕಲೇಶಪುರ, ಶಿರಾಡಿ ಅಂತ ನಿಧಾನಕ್ಕೆ ಬಂದು ಸರಿಯಾಗಿ ಚೆಕ್‌ಇನ್ ಹೊತ್ತಿಗೆ ಮುಟ್ತೀರಿ.

ಪ್ರ: ಒಂದೇ ಬ್ರ್ಯಾಂಡ್, ಬೆಂಗಳೂರಲ್ಲಿ ಚೆನ್ನಾಗಿತ್ತು, ಇನ್ನೊಂದೂರಲ್ಲಿ ಕೆಟ್ಟದಾಗಿತ್ತು. ಯಾಕೆ ಹೀಗೆ?

ಯಾಕಂದ್ರೆ ಬೋರ್ಡ್ ಒಂದೇ ಆದ್ರೂ ನಡೆಸೋರು ಒಬ್ರೇ ಅಲ್ಲ. ಕಂಪನಿ ತಾನೇ ಕಟ್ಟಿ ನಡೆಸೋ ಹೋಟೆಲ್ ಇರತ್ತೆ. ಕಟ್ಟಡ ಬೇರೆಯವರದ್ದು, ಆದ್ರೆ ಮ್ಯಾನೇಜರ್, ಟ್ರೈನಿಂಗ್ ಎಲ್ಲ ಕಂಪನಿಯದ್ದು ಅನ್ನೋದಿರತ್ತೆ. ಕಟ್ಟಡ, ಕೆಲಸದೋರು ಎಲ್ಲ ಸ್ಥಳೀಯ ಮಾಲೀಕರದ್ದು, ಕಂಪನಿ ಹೆಸರು ಮತ್ತೆ ಬುಕಿಂಗ್ ಮಾತ್ರ ಕೊಡೋದು, ಇದು ಫ್ರಾಂಚೈಸ್. ಓಯೋ ಥರದ ಆ್ಯಪ್ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವು ಈ ಮೂರನೇ ಪೈಕಿ, ಅಲ್ಲಿ ಬ್ರ್ಯಾಂಡ್ ಹೆಸರು ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ, ಆ ಒಂದು ಕಟ್ಟಡದ ಹೆಸರು ಹಾಕಿ ರಿವ್ಯೂ ಹುಡುಕ್ಬೇಕು. ರಿವ್ಯೂ ನೋಡುವಾಗ್ಲೂ ಸ್ಟಾರ್ ಎಷ್ಟು ಅಂತ ನೋಡ್ಬೇಡಿ, ಕಳೆದ ಎರಡು ಮೂರು ತಿಂಗಳದ್ದನ್ನ ಮಾತ್ರ ಓದಿ, ಅದ್ರಲ್ಲೂ ಜನ ಹಾಕಿರೋ ಬಾತ್‌ರೂಮ್ ಫೋಟೋ ನೋಡಿ. ಸಮುದ್ರದ ಊರಲ್ಲಿ ಉಪ್ಪುಗಾಳಿಗೆ ನಲ್ಲಿ, ಶವರ್, ಎಸಿ ಎಲ್ಲ ಬೇಗ ತುಕ್ಕು ಹಿಡಿಯತ್ತೆ, ಮಳೆಗಾಲ ಆದ್ಮೇಲೆ ಗೋಡೆಗೆ ಬೂಷ್ಟು ಬರತ್ತೆ, ಹೋಟೆಲ್‌ನೋರು ರಿಪೇರಿಗೆ ದುಡ್ಡು ಹಾಕ್ತಿದಾರಾ ಇಲ್ವಾ ಅನ್ನೋದು ಬಾತ್‌ರೂಮ್‌ನಲ್ಲೇ ಗೊತ್ತಾಗೋದು.

ಪ್ರ: 7,500ರ ಮೇಲೆ ಕೆಳಗೆ ಅಂತ ಜಿಎಸ್‌ಟಿ ಲೆಕ್ಕ ಏನದು?

ಇದನ್ನ ಸರಿಯಾಗಿ ತಿಳ್ಕೊಂಡ್ರೆ ದುಡ್ಡು ಉಳಿಯತ್ತೆ. 2025ರ ಸೆಪ್ಟೆಂಬರ್ 22ರಿಂದ, ಒಂದು ರಾತ್ರಿಗೆ 7,500 ರೂಪಾಯಿ ತನಕದ ರೂಮಿಗೆ 5% ಜಿಎಸ್‌ಟಿ, ಮೊದ್ಲು 12% ಇತ್ತು. 7,500 ದಾಟಿದ್ರೆ 18%. ಈಗ 7,500ರ ರೂಮಿಗೆ ಟ್ಯಾಕ್ಸ್ 375, ಒಟ್ಟು 7,875. ಅದೇ 7,600ರ ರೂಮಿಗೆ ಟ್ಯಾಕ್ಸ್ 1,368, ಒಟ್ಟು 8,968. ರೂಮ್ ರೇಟಲ್ಲಿ 100 ರೂಪಾಯಿ ಫರಕು, ಬಿಲ್ಲಲ್ಲಿ 1,093 ಫರಕು! ಹಾಗಾಗಿ ಗಡಿ ಹತ್ರ ಇರೋ ರೂಮ್ ಕಂಡ್ರೆ ಒಂದು ಮೆಟ್ಟಿಲು ಕೆಳಗಿನ ಕ್ಯಾಟಗರಿ ನೋಡಿ, ಇಲ್ಲ ಮೆಂಬರ್ ಡಿಸ್ಕೌಂಟ್ ಹಾಕಿ ಕೆಳಗೆ ಬರತ್ತಾ ನೋಡಿ, ಟ್ಯಾಕ್ಸ್ ನಿಜವಾಗಿ ಕೊಡೋ ರೇಟಿನ ಮೇಲೆ.

ಊಟಕ್ಕೂ ಇದು ತಗಲತ್ತೆ. ಹಿಂದಿನ ಹಣಕಾಸು ವರ್ಷದಲ್ಲಿ ಆ ಹೋಟೆಲ್ ಒಂದೇ ಒಂದು ರೂಮನ್ನಾದ್ರೂ 7,500ಕ್ಕಿಂತ ಜಾಸ್ತಿಗೆ ಕೊಟ್ಟಿದ್ರೆ ಅಲ್ಲಿನ ರೆಸ್ಟೋರೆಂಟ್ ಬಿಲ್ಲಿಗೆ 18%, ಸಾಮಾನ್ಯವಾಗಿ ಬೇರೆ ಕಡೆ 5%. ನೀವು ಕಮ್ಮಿ ರೂಮಲ್ಲಿದ್ರೂ ಊಟಕ್ಕೆ 18 ಬೀಳ್ಬೋದು.

ಪ್ರ: ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ರೆ ಕೊಡ್ಲೇಬೇಕಾ?

ಬೇಕಾಗಿಲ್ಲ. ಊಟದ ಬಿಲ್ಲಿಗೆ ತಾನಾಗೇ ಸೇರಿಸೋ ಹಾಗಿಲ್ಲ ಅಂತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ತೆಗೀರಿ ಅಂತ ಮರ್ಯಾದೆಯಿಂದ ಕೇಳಿ, ತೆಗೀತಾರೆ. ತೆಗೀದಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಡಿಸಿದ ಹುಡುಗನಿಗೆ ಕೊಡ್ಬೇಕು ಅನ್ಸಿದ್ರೆ ಅವನ ಕೈಗೇ ಕೊಡಿ.

ಪ್ರ: ಇಪಿ, ಸಿಪಿ, ಎಂಎಪಿ ಅಂದ್ರೆ ಏನು? ಯಾವ್ದು ತಗೊಳ್ಳೋದು?

ಇಪಿ ಅಂದ್ರೆ ರೂಮ್ ಮಾತ್ರ, ಸಿಪಿ ರೂಮ್ ಜೊತೆ ಬೆಳಗಿನ ತಿಂಡಿ, ಎಂಎಪಿ ತಿಂಡಿ ಜೊತೆ ಒಂದು ಊಟ, ಎಪಿ ಎಲ್ಲ ಊಟನೂ. ಮಂಗಳೂರು ಉಡುಪಿಗೆ ಬಂದು ಎಂಎಪಿ ತಗೋಬೇಡಿ, ಕೈಮುಗಿದು ಹೇಳ್ತೀನಿ. ಹೊರಗೆ ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ ಬಿಸಿಬಿಸಿ ಸಿಗುವಾಗ, ಮಠದ ಬೀದಿಯಲ್ಲಿ ಮಿತ್ರ ಸಮಾಜ್ ಹೋಟೆಲ್ ಇರುವಾಗ, ಹೋಟೆಲ್ ಬಫೆಯ ಪನೀರ್ ಬಟರ್ ಮಸಾಲಾಕ್ಕೆ ಮೊದ್ಲೇ ದುಡ್ಡು ಕಟ್ಟೋದು ಯಾಕೆ? ಮಕ್ಕಳಿದ್ರೆ ಸಿಪಿ ಒಳ್ಳೇದು, ಬೆಳಗ್ಗೆ ಎದ್ದ ತಕ್ಷಣ ಅವಕ್ಕೆ ಹಸಿವು. ಇಬ್ರೇ ಆದ್ರೆ ಇಪಿ ತಗೊಂಡು ಹೊರಗೆ ತಿನ್ನಿ.

ಪ್ರ: ಆ್ಯಪಲ್ಲಿ ಬುಕ್ ಮಾಡೋದಾ, ಹೋಟೆಲ್‌ಗೇ ಫೋನ್ ಮಾಡೋದಾ?

ಆ್ಯಪಲ್ಲಿ ನೋಡಿ, ಆಮೇಲೆ ಹೋಟೆಲ್‌ನ ಸ್ವಂತ ಸೈಟ್ ನೋಡಿ, ಆಮೇಲೆ ಫೋನ್ ಮಾಡಿ. ಹೋಟೆಲ್‌ನೋರು ಬೇರೆ ಕಡೆ ಕಮ್ಮಿ ರೇಟ್ ಕೊಡ್ಬಾರ್ದು ಅನ್ನೋ ಷರತ್ತನ್ನ ಆ್ಯಪ್‌ನೋರು ಹಾಕ್ತಿದ್ರು, 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್, ಗೋಐಬಿಬೋ, ಓಯೋ ಮೇಲೆ ಒಟ್ಟು 392 ಕೋಟಿ ಹತ್ರ ದಂಡ ಹಾಕಿ, ಮೇಕ್‌ಮೈಟ್ರಿಪ್, ಗೋಐಬಿಬೋದವರಿಗೆ ಆ ಷರತ್ತು ಬದಲಾಯಿಸಿ ಅಂತ ಹೇಳ್ತು. ಈಗ ನೇರ ಕೇಳಿದ್ರೆ ರೇಟ್ ಅಷ್ಟೇ ಇದ್ರೂ ತಿಂಡಿನೋ ಅರ್ಲಿ ಚೆಕ್‌ಇನ್ನೋ ಸೇರಿಸಿ ಕೊಡ್ತಾರೆ. ಇನ್ನೊಂದು ಲಾಭ, ಮಳೆಗೆ ಘಾಟ್ ಬಂದ್ ಆಗಿ ಬರೋಕಾಗದಿದ್ರೆ ಡೇಟ್ ಬದಲಾಯಿಸೋಕೆ ಹೋಟೆಲ್ ಮ್ಯಾನೇಜರ್ ಹತ್ರ ಮಾತಾಡ್ಬೋದು, ಆ್ಯಪ್ ಹತ್ರ ಮಾತಾಡೋಕಾಗಲ್ಲ. ನಾನ್ ರಿಫಂಡಬಲ್ ಅನ್ನೋದನ್ನ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಟ್ಲೇಬೇಡಿ.

ಪ್ರ: ಸೀ ವ್ಯೂ ರೂಮಿಗೆ ಜಾಸ್ತಿ ದುಡ್ಡು ಕೊಡ್ಬೋದಾ?

ಎರಡು ದಿನದಲ್ಲಿ ಹಗಲು ಹೊತ್ತು ರೂಮಲ್ಲಿ ಎಷ್ಟು ಹೊತ್ತು ಇರ್ತೀರಿ ಅಂತ ಮೊದ್ಲು ನೋಡ್ಕೊಳ್ಳಿ. ಸೀ ಫೇಸಿಂಗ್ ಅಂದ್ರೆ ಕಿಟಕಿ ಸಮುದ್ರಕ್ಕೆ ಮುಖ ಮಾಡಿದೆ ಅಂತ, ಸೀ ವ್ಯೂ ಅಂದ್ರೆ ಎಲ್ಲಿಂದ್ಲೋ ಒಂಚೂರು ಕಾಣ್ಸತ್ತೆ ಅಂತಾನೂ ಆಗ್ಬೋದು, ತೆಂಗಿನ ತೋಟದ ಆಚೆ. ಯಾವ ಮಾಳಿಗೆ, ಎದುರಿಗೆ ಏನಿದೆ ಅಂತ ಕೇಳಿ. ಹೋಟೆಲ್ ವಿವರದಲ್ಲಿ ಬೀಚ್ 500 ಮೀಟರ್ ಅಂತಿದ್ರೆ ಮ್ಯಾಪಲ್ಲಿ ನಡೆಯೋ ದಾರಿ ಹಾಕಿ ನೋಡಿ, ಮಧ್ಯದಲ್ಲಿ ನದಿ, ಅಳಿವೆ ಬಂದ್ರೆ 500 ಮೀಟರ್ ಹೋಗಿ 5 ಕಿಲೋಮೀಟರ್ ಆಗತ್ತೆ. ತಣ್ಣೀರುಬಾವಿ ಇದಕ್ಕೆ ಒಳ್ಳೇ ಉದಾಹರಣೆ, ಸುಲ್ತಾನ್ ಬತ್ತೇರಿಯಿಂದ ನೋಡಿದ್ರೆ ಎದುರಿಗೇ ಇದೆ, ಫೆರಿ ಇಲ್ದಿದ್ರೆ ಕೂಳೂರು ಸುತ್ತಿ ಹೋಗ್ಬೇಕು. ಮಲ್ಪೆಯಲ್ಲಿ ಬಂದರಿನ ಹತ್ರದ ರೂಮ್ ಆದ್ರೆ ಬೆಳಗಿನ ಜಾವದ ಬೋಟ್ ಶಬ್ದ, ಮೀನಿನ ವಾಸನೆ ಎರಡೂ ಜೊತೆಗೆ ಬರತ್ತೆ, ನಮಗೆ ಅದು ಊರಿನ ವಾಸನೆ, ಎಲ್ರಿಗೂ ಹಿಡಿಸಲ್ಲ.

ಪ್ರ: ಮಳೆಗಾಲದಲ್ಲಿ ರೇಟ್ ಕಮ್ಮಿ ಇರತ್ತಂತೆ, ಹೋಗ್ಬೋದಾ?

ಮಳೆ ನೋಡೋಕೆ ಅಂತ ಹೋಗೋದಾದ್ರೆ ಖಂಡಿತ ಹೋಗಿ, ಅಷ್ಟು ಚೆಂದದ ಮಳೆ ಬೇರೆ ಕಡೆ ಸಿಗಲ್ಲ. ನೀರಿಗಿಳಿಯೋಕೆ ಅಂತ ಆದ್ರೆ ಬೇಡ. ಜೂನ್‌ನಿಂದ ಸೆಪ್ಟೆಂಬರ್ ಸಮುದ್ರ ಪ್ರಕ್ಷುಬ್ಧ, ಸೇಂಟ್ ಮೇರೀಸ್‌ಗೆ ಬೋಟ್ ಇರಲ್ಲ, ವಾಟರ್ ಸ್ಪೋರ್ಟ್ಸ್ ಬಂದ್, ದಡದಲ್ಲಿ ಹಗ್ಗ ಕಟ್ಟಿ ಲೈಫ್‌ಗಾರ್ಡ್ ಸೀಟಿ ಊದ್ತಿರ್ತಾರೆ, ಅವ್ರ ಮಾತು ಮೀರಿ ಇಳಿದು ಪ್ರತಿ ವರ್ಷ ಹುಡುಗ್ರು ಜೀವ ಕಳ್ಕೋತಾರೆ, ದಯವಿಟ್ಟು ಕೇಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ನಾಡದೋಣಿಯವರು ಹೋದ್ರೆ ಉಂಟು, ಮೀನಿನ ರೇಟು ಏರಿರತ್ತೆ, ಐಸಿನ ಮೀನೇ ಜಾಸ್ತಿ. ಶಿರಾಡಿಯಲ್ಲಿ ಗುಡ್ಡ ಜರಿದ್ರೆ ಚಾರ್ಮಾಡಿ ಇಲ್ಲ ಸಂಪಾಜೆ ಸುತ್ತಬೇಕು. ಇಂಥ ಟೈಮಲ್ಲಿ ಚೈನ್ ಹೋಟೆಲ್ ದುಡ್ಡಿಗೆ ಬೆಲೆ ಬರತ್ತೆ, ಯಾಕಂದ್ರೆ ರೂಮಲ್ಲೇ ತುಂಬಾ ಹೊತ್ತು ಇರ್ತೀರಿ.

ಪ್ರ: ಯಾವಾಗ ರೂಮೇ ಸಿಗಲ್ಲ?

ಉಡುಪಿಯಲ್ಲಿ ಪರ್ಯಾಯ (ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗೋ ಉತ್ಸವ), ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ, 2026ರಲ್ಲಿ ಆಯ್ತು, ಮುಂದಿನದು 2028. ಮಂಗಳೂರಲ್ಲಿ ಕುದ್ರೋಳಿ ದಸರಾ. ಮಣಿಪಾಲದಲ್ಲಿ ಘಟಿಕೋತ್ಸವ ಮತ್ತೆ ಅಡ್ಮಿಷನ್ ಟೈಮು, ಆಗ ದೇಶದ ಎಲ್ಲ ಕಡೆಯಿಂದ ಅಪ್ಪ ಅಮ್ಮಂದಿರು ಬಂದಿರ್ತಾರೆ. ಡಿಸೆಂಬರ್ ಕೊನೆ ವಾರ ಹೇಳೋದೇ ಬೇಡ. ಮದುವೆ ಸೀಸನ್‌ನಲ್ಲಿ ರೂಮ್ ಸಿಕ್ರೂ ಹಾಲ್‌ನ ಡಿಜೆ ಶಬ್ದ ಯಾವ ಕಡೆ ಬರತ್ತೆ ಅಂತ ಕೇಳ್ಕೊಳ್ಳಿ.

ಪ್ರ: ಅಜ್ಜಿ ತಾತ, ಸಣ್ಣ ಮಕ್ಕಳು ಜೊತೆಗಿದಾರೆ. ಏನೇನ್ ಕೇಳ್ಬೇಕು?

ಬಾತ್‌ರೂಮ್‌ನಲ್ಲಿ ಹಿಡ್ಕೊಳ್ಳೋಕೆ ರಾಡ್ ಇದೆಯಾ, ಒಳಗೆ ಹೋಗೋಕೆ ಮೆಟ್ಟಿಲು ಏರ್ಬೇಕಾ, ನೆಲ ಜಾರತ್ತಾ. ಬಾತ್‌ಟಬ್ ಒಳಗೇ ಶವರ್ ಇರೋ ರೂಮ್ ವಯಸ್ಸಾದೋರಿಗೆ ಅಪಾಯ, ಬೇರೆ ರೂಮ್ ಕೇಳಿ. ಚೈನ್‌ಗಳಲ್ಲಿ ಬಕೆಟ್, ಚೊಂಬು ಇಟ್ಟಿರಲ್ಲ, ಹೌಸ್‌ಕೀಪಿಂಗ್‌ಗೆ ಹೇಳಿದ್ರೆ ತಂದ್ಕೊಡ್ತಾರೆ, ಅಜ್ಜಿಯರು ಸಂಕೋಚ ಪಟ್ಕೊಂಡು ಕೇಳ್ದೇ ಇರ್ತಾರೆ, ನೀವೇ ಹೋದ ತಕ್ಷಣ ಹೇಳ್ಬಿಡಿ. ಮಕ್ಕಳ ವಯಸ್ಸು ಬುಕಿಂಗ್‌ನಲ್ಲಿ ನಿಜ ಹಾಕಿ, ಎಷ್ಟು ವಯಸ್ಸಿನ ತನಕ ಫ್ರೀ ಅನ್ನೋದು ಒಂದೊಂದು ಹೋಟೆಲ್‌ಗೆ ಒಂದೊಂದು ಥರ. ಎಕ್ಸ್‌ಟ್ರಾ ಬೆಡ್ ಅಂದ್ರೆ ಮಂಚನಾ ನೆಲದ ಹಾಸಿಗೆನಾ ಅಂತಾನೂ ಕೇಳಿ, ತಾತನಿಗೆ ನೆಲದಿಂದ ಏಳೋಕಾಗಲ್ಲ.

ಟ್ಯಾಕ್ಸಿ ಮಾಡ್ಕೊಂಡು ಬಂದಿದ್ರೆ ಡ್ರೈವರ್‌ಗೆ ಮಲಗೋಕೆ ಡಾರ್ಮಿಟರಿ ಇದೆಯಾ ಅಂತ ವಿಚಾರಿಸಿ. ಸೆಕೆಯಲ್ಲಿ ಕಾರೊಳಗೆ ಮಲಗಿ ಮರುದಿನ ಘಾಟ್‌ನಲ್ಲಿ ಗಾಡಿ ಓಡಿಸ್ಬೇಕಾದ್ರೆ ಅವ್ರಿಗೂ ಕಷ್ಟ, ನಿಮಗೂ ಅಪಾಯ. ಡಾರ್ಮಿಟರಿ ಇಲ್ದಿದ್ರೆ ಹತ್ರದ ಲಾಡ್ಜ್‌ಗೆ ದುಡ್ಡು ಕೊಡಿ.

ಪ್ರ: ಐಡಿ ಯಾರ್ಯಾರ್ದು ಬೇಕು? ಮದುವೆ ಆಗಿಲ್ಲ, ತೊಂದ್ರೆ ಆಗತ್ತಾ?

ದೊಡ್ಡೋರು ಎಲ್ಲರದ್ದೂ ಬೇಕು. ಆಧಾರ್ ಆದ್ರೆ ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಅದನ್ನೇ ಕೊಡಿ. ಮದುವೆ ಆಗದೋರು ಒಟ್ಟಿಗೆ ರೂಮ್ ಮಾಡ್ಬಾರ್ದು ಅನ್ನೋ ಕಾನೂನು ಯಾವ್ದೂ ಇಲ್ಲ, ಆದ್ರೆ ಕೆಲವು ಹೋಟೆಲ್‌ನೋರು ತಮ್ದೇ ರೂಲ್ ಇಟ್ಕೊಂಡಿರ್ತಾರೆ, ಅದೇ ಊರಿನ ವಿಳಾಸದ ಐಡಿ ಇದ್ದೋರಿಗೆ ರೂಮ್ ಕೊಡದೋರೂ ಇದಾರೆ, ಮೊದ್ಲೇ ಫೋನ್ ಮಾಡಿ ನೇರವಾಗಿ ಕೇಳಿ. ವಿದೇಶದಿಂದ ರಜೆಗೆ ಬಂದಿರೋ ನಮ್ಮೋರಿಗೆ ಒಂದು ಮಾತು, ವಿದೇಶಿ ಪಾಸ್‌ಪೋರ್ಟ್ ಇದ್ರೆ ಹೋಟೆಲ್‌ನೋರು 24 ಗಂಟೆ ಒಳಗೆ ನಿಮ್ಮ ವಿವರ ಸರ್ಕಾರಕ್ಕೆ ಕಳಿಸ್ಬೇಕು (ಜನ ಸಿ ಫಾರ್ಮ್ ಅನ್ನೋದು ಇದಕ್ಕೇ), ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಜೊತೆ ಪಾಸ್‌ಪೋರ್ಟೂ ಕೈಲಿರಲಿ.

ಪ್ರ: ಸರ್ಕಾರಿ ಹೋಟೆಲ್‌ಗಳು ಹೇಗೆ?

ಜಂಗಲ್ ಲಾಡ್ಜಸ್ ನಮ್ಮ ರಾಜ್ಯದ್ದೇ ಚೈನ್, 1980ರಿಂದ ಇದೆ, ಜನ ಕಬಿನಿ ಅಂತ ಮಾತ್ರ ತಿಳ್ಕೊಂಡಿದಾರೆ. ಕಾರವಾರದಲ್ಲಿ ದೇವಬಾಗ್ ಇದೆ, ಕಾಳಿ ನದಿ ಸಮುದ್ರ ಸೇರೋ ಜಾಗ, ಗಾಳಿಮರದ ತೋಪಿನೊಳಗೆ ರೂಮು. ದಡದಲ್ಲೇ ಇರ್ಬೇಕು ಅನ್ನೋರಿಗೆ ನಾನು ಮೊದ್ಲು ಹೇಳೋ ಹೆಸರು ಇದು. ಆದ್ರೆ ಅಲ್ಲಿ ರೇಟ್ ಒಬ್ಬೊಬ್ಬರಿಗೆ ಲೆಕ್ಕ, ಊಟ ಸೇರಿ, ಬೇರೆ ಹೋಟೆಲ್‌ಗಳ ಥರ ರೂಮಿಗಲ್ಲ. ಹೋಲಿಸುವಾಗ ನಾಲ್ಕು ಜನ ಇದ್ರೆ ನಾಲ್ಕರಿಂದ ಗುಣಿಸಿ, ಆಮೇಲೆ ಹೊರಗಿನ ಊಟದ ಖರ್ಚು ಕಳೀರಿ. ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಹೋಟೆಲ್‌ಗಳ ಜಾಗ ಯಾವಾಗ್ಲೂ ಚೆನ್ನಾಗಿರತ್ತೆ, ರೂಮ್ ಹೇಗಿದೆ ಅನ್ನೋದು ಊರಿಂದ ಊರಿಗೆ ಬೇರೆ, ಹೊಸ ರಿವ್ಯೂ ಓದಿ ಹೋಗಿ.

ಪ್ರ: ಅಷ್ಟು ದೂರ ಹೋಗೋಕಾಗಲ್ಲ, ಬೆಂಗಳೂರು ಹೊರಗಡೆನೇ ಒಂದು ವೀಕೆಂಡ್ ಅಂದ್ರೆ?

ಆಗ ಲೆಕ್ಕ ಉಲ್ಟಾ. ಸಮುದ್ರದ ಊರಲ್ಲಿ ಶನಿವಾರ ರೇಟ್ ಏರತ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಔಟರ್ ರಿಂಗ್ ರೋಡ್‌ನ ಹೋಟೆಲ್‌ಗಳಲ್ಲಿ ಕಂಪನಿ ಜನ ಶುಕ್ರವಾರ ಖಾಲಿ ಮಾಡೋದ್ರಿಂದ ಸಾಮಾನ್ಯವಾಗಿ ಶನಿವಾರ ಇಳಿಯತ್ತೆ. ಜಿಂಜರ್ ಬ್ರ್ಯಾಂಡ್ ಶುರುವಾಗಿದ್ದೂ ವೈಟ್‌ಫೀಲ್ಡ್‌ನಲ್ಲೇ, 2004ರಲ್ಲಿ, ಇಂಡಿಒನ್ ಅನ್ನೋ ಹೆಸರಲ್ಲಿ, ಕೆಲಸಕ್ಕೆ ಬರೋರಿಗೆ ಅಂತಾನೇ. ಇಂಥ ಕಡೆ ಸ್ವಿಮ್ಮಿಂಗ್ ಪೂಲ್ ಇರೋ ಒಳ್ಳೇ ಹೋಟೆಲ್ ಒಂದು ರಾತ್ರಿಗೆ ಮಾಡಿ ಮಕ್ಕಳನ್ನ ನೀರಲ್ಲಿ ಬಿಟ್ರೆ ಅವಕ್ಕೆ ಅದೇ ಹಬ್ಬ. ಪೂಲ್ ಟೈಮಿಂಗ್, ಮಕ್ಕಳಿಗೆ ಬೇರೆ ಪೂಲ್ ಇದೆಯಾ, ನೈಲಾನ್ ಬಟ್ಟೆ ಕಡ್ಡಾಯನಾ, ಈ ಮೂರು ಕೇಳಿ. ಊರಾಚೆ ಪ್ರಶಾಂತ ಬೇಕು ಅಂದ್ರೆ ದೇವನಹಳ್ಳಿ, ನಂದಿ ಕಡೆ ನೋಡಿ, ಅಲ್ಲಿ ಶನಿವಾರ ರೇಟ್ ಇಳಿಯಲ್ಲ.

ಪ್ರ: ಭಾನುವಾರ 11ಕ್ಕೆ ಚೆಕ್‌ಔಟ್, ಬಸ್ಸು ರಾತ್ರಿ 10ಕ್ಕೆ. ಮಧ್ಯೆ ಹೇಗೆ?

ಶನಿವಾರ ರಾತ್ರಿನೇ ರಿಸೆಪ್ಷನ್‌ಗೆ ಹೋಗಿ ಲೇಟ್ ಚೆಕ್‌ಔಟ್ ಕೇಳಿ. ಭಾನುವಾರ ರಾತ್ರಿ ಬುಕಿಂಗ್ ಕಮ್ಮಿ ಇರೋದ್ರಿಂದ ಶನಿವಾರ ಬೆಳಗ್ಗೆ ಸಿಗದ ಔದಾರ್ಯ ಆವತ್ತು ಸಿಗತ್ತೆ, ಒಂದೆರಡು ಗಂಟೆ ಸುಮ್ನೆ ಕೊಡೋರಿದಾರೆ, ಸಂಜೆ ತನಕ ಬೇಕಂದ್ರೆ ಅರ್ಧ ರೇಟ್ ಕೇಳ್ಬೋದು. ಕೊಡಲ್ಲ ಅಂದ್ರೆ ಬ್ಯಾಗ್ ಅಲ್ಲೇ ಇಟ್ಟು ಹೋಗಿ, ಆದ್ರೆ ಒಂದು ಜೊತೆ ಒಣ ಬಟ್ಟೆ, ಟವೆಲ್ ಸಣ್ಣ ಚೀಲದಲ್ಲಿ ಬೇರೆ ಇಟ್ಕೊಳ್ಳಿ. ಬ್ಲೂ ಫ್ಲ್ಯಾಗ್ (ಸ್ವಚ್ಛ ಬೀಚ್‌ಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿರೋ ಪಡುಬಿದ್ರಿ ಬೀಚಲ್ಲಿ ಸಿಹಿನೀರಿನ ಶವರ್, ಬಟ್ಟೆ ಬದಲಾಯಿಸೋ ರೂಮ್ ಇದೆ, ಕೊನೆ ಸಂಜೆಗೆ ಅದನ್ನೇ ಇಟ್ಕೊಂಡ್ರೆ ಮರಳು ಉಪ್ಪು ಎಲ್ಲ ತೊಳ್ಕೊಂಡು ಬಸ್ ಹತ್ಬೋದು. ಉಡುಪಿಯಿಂದ ಹೊರಡೋದಾದ್ರೆ ಪಡುಬಿದ್ರಿಯಿಂದ 7 ಗಂಟೆಗೆ ಬಿಡಿ, ಹೋಟೆಲ್‌ನಿಂದ ಬ್ಯಾಗ್ ತಗೊಂಡು ಊಟ ಮುಗಿಸಿದ್ರೂ ಟೈಮ್ ಮಿಗತ್ತೆ.